ಸಹಿ ಗಂಡಂದು, ಹಕ್ಕು ಹೆಂಡತಿದು

ಅಮೆರಿಕದ ವರ ಅಂದಕೂಡಲೆ ನಮ್ಮ ಹಾನಗಲ್ಲ ಸೀಮೆಯಲ್ಲಿ ಮಾತುಕತೆಯ ಧಾಟಿಯೇ ಬದಲಾಗುತ್ತದೆ. ಹೊಲ ಎಷ್ಟು ಎಕರೆ, ಬೋರಿಗೆ ಎಷ್ಟು ಇಂಚು ನೀರು, ಮಾವಿನ ತೋಟ ಯಾರ ಪಾಲಿಗೆ ಎಂದು ಕೆದಕಿ ಕೆದಕಿ ಕೇಳುವ ಹಿರಿಯರು ಡಾಲರ್ ಸಂಬಳದ ಮುಂದೆ ತೆಪ್ಪಗಾಗುತ್ತಾರೆ. "ಅಲ್ಲಿಂದು ನಮಗೇನ್ ತಿಳೀತೈತಿ, ಹುಡುಗನ ಎಲ್ಲಾ ನೋಡ್ಕೊಂತಾನ" ಎಂಬ ಒಂದು ಮಾತಿಗೆ ವೀಸಾದ ಕಾಗದಪತ್ರ ಅಷ್ಟೂ ಹುಡುಗನ ಕೈ ಸೇರುತ್ತದೆ. ಹುಡುಗಿ ಪಾಸ್‌ಪೋರ್ಟ್ ಫೋಟೋ ಕೊಡುತ್ತಾಳೆ, ತೋರಿಸಿದ ಕಡೆ ಸಹಿ ಹಾಕುತ್ತಾಳೆ, ಕರೆದ ದಿನ ಮುಂಬೈಗೆ ಹೋಗುತ್ತಾಳೆ.

ನನ್ನ ತಕರಾರು ಇಲ್ಲೇ ಇದೆ. ಆ ಕಾಗದಗಳಲ್ಲಿ ಒಂದು ಅವಳಿಗಾಗಿಯೇ ಬರೆದದ್ದು. ಅದರ ಹೆಸರು ಐ-864. ಹೆಂಡತಿಯನ್ನು ಕಾಯಂ ಆಗಿ ಕರೆಸಿಕೊಳ್ಳುವ ಗಂಡ ಅಮೆರಿಕ ಸರ್ಕಾರಕ್ಕೆ ಬರೆದುಕೊಡುವ ಹಣಕಾಸಿನ ಜವಾಬ್ದಾರಿ ಪತ್ರ ಅದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, "ಈಕೆ ಕೈ ಚಾಚಿ ಸರ್ಕಾರದ ಬಾಗಿಲಿಗೆ ಬರುವ ಹಾಗೆ ಬಿಡುವುದಿಲ್ಲ, ಖರ್ಚು ನನ್ನದು" ಎಂಬ ಮುಚ್ಚಳಿಕೆ. ಸಹಿ ಗಂಡನದು. ಆದರೆ ಅದರ ಬಲದ ಮೇಲೆ ಕೋರ್ಟಿಗೆ ಹೋಗುವ ಹಕ್ಕು ಹೆಂಡತಿಗೂ ಇದೆ. ಇದನ್ನು ಹೆಂಡತಿಗೆ ಹೇಳುವವರು ಯಾರು? ಗಂಡನಿಗೆ ಹೇಳುವ ಗರಜಿಲ್ಲ, ಏಜೆಂಟನಿಗೆ ಹೇಳಿದರೆ ಲಾಭವಿಲ್ಲ, ತಂದೆಗೆ ಗೊತ್ತಿಲ್ಲ.

"ಸರ್ಕಾರದ ಮೇಲೆ ಹೊರೆಯಾಗುವವರು ಬೇಡ" ಎಂಬ ಮಾತನ್ನು ಅಮೆರಿಕ 1882ರಲ್ಲೇ ಕಾನೂನಿಗೆ ಸೇರಿಸಿತ್ತು. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಹಡಗು ಹತ್ತಿ ಹೋದ ಎಷ್ಟೋ ಭಾರತೀಯರನ್ನು ಸ್ಯಾನ್ ಫ್ರಾನ್ಸಿಸ್ಕೋ ಕಡಲಿನ ಏಂಜಲ್ ದ್ವೀಪದಲ್ಲಿ ತಡೆದು ಹಿಂದೆ ಕಳಿಸಿದ್ದು ಇದೇ ನೆಪ ಹೇಳಿ. ಮೊದಲೆಲ್ಲ ಸ್ಪಾನ್ಸರ್ ಕೊಡುತ್ತಿದ್ದ ಪತ್ರಕ್ಕೆ ಕೋರ್ಟಿನಲ್ಲಿ ಹೆಚ್ಚು ಬೆಲೆ ಇರಲಿಲ್ಲ. 1996ರ ಕಾನೂನು ಅದನ್ನು ಗಟ್ಟಿ ಒಪ್ಪಂದ ಮಾಡಿತು, 1997ರ ಡಿಸೆಂಬರ್ 19ರಿಂದ ಐ-864 ಜಾರಿಗೆ ಬಂತು. ನಮ್ಮ ಹಾವೇರಿ ಜಿಲ್ಲೆ ಧಾರವಾಡದಿಂದ ಬೇರೆಯಾದದ್ದೂ ಅದೇ ವರ್ಷ. ಜಿಲ್ಲೆ ಆಗಿದ್ದು ಎಲ್ಲರಿಗೂ ಗೊತ್ತು, ಈ ಕಾಗದ ಮಾತ್ರ ಇನ್ನೂ ನಮ್ಮೂರಿಗೆ ಬಂದು ಮುಟ್ಟಿಲ್ಲ.

ಮೊದಲು ಲೆಕ್ಕ ತಿಳಿಯಿರಿ, ಏಕೆಂದರೆ ಏಜೆಂಟರ ವ್ಯಾಪಾರ ನಡೆಯುವುದೇ ಈ ಲೆಕ್ಕ ಗೊತ್ತಿಲ್ಲದವರ ಮೇಲೆ. ಕರೆಸಿಕೊಳ್ಳುವ ಗಂಡನ ವರಮಾನ ಅಮೆರಿಕ ಪ್ರತಿವರ್ಷ ಹೊರಡಿಸುವ ಬಡತನ ರೇಖೆಯ ಶೇ. 125ರಷ್ಟಾದರೂ ಇರಬೇಕು. 2025ರ ಪಟ್ಟಿಯಲ್ಲಿ ಇಬ್ಬರ ಮನೆಗೆ ಆ ರೇಖೆ 21,150 ಡಾಲರ್, ಅದರ ಶೇ. 125 ಅಂದರೆ ಸುಮಾರು 26,437 ಡಾಲರ್. ರೂಪಾಯಿಯಲ್ಲಿ ವರ್ಷಕ್ಕೆ 20 ಲಕ್ಷ ದಾಟುವ ಮೊತ್ತ ಕೇಳಿ ಕಣ್ಣರಳಿಸಬೇಡಿ. ಅದು ಅಲ್ಲಿನ ಬಡವರ ಲೆಕ್ಕ, ಸಾಫ್ಟ್‌ವೇರ್ ಕೆಲಸದವರಿಗೆ ದೊಡ್ಡ ಮಾತಲ್ಲ. ಪೆಟ್ರೋಲ್ ಬಂಕ್, ಮೋಟೆಲ್, ಅಂಗಡಿಯಲ್ಲಿ ದುಡಿಯುವವರಿಗೆ ಬಿಗಿಯಾಗುತ್ತದೆ. ಮನೆ ದೊಡ್ಡದಾದಂತೆ ಮಿತಿಯೂ ಏರುತ್ತದೆ. ಮೊದಲ ಮದುವೆಯ ಇಬ್ಬರು ಮಕ್ಕಳನ್ನು ಸಾಕುತ್ತಿರುವವನು ಹೊಸ ಹೆಂಡತಿಯನ್ನು ಕರೆಸಿಕೊಳ್ಳುವಾಗ ನಾಲ್ವರ ಲೆಕ್ಕ, ಅಂದರೆ ಸುಮಾರು 40,187 ಡಾಲರ್ ತೋರಿಸಬೇಕು. ಮೊದಲು ಯಾರಿಗಾದರೂ ಇದೇ ಪತ್ರ ಬರೆದುಕೊಟ್ಟಿದ್ದು ಇನ್ನೂ ಜಾರಿಯಲ್ಲಿದ್ದರೆ ಅವರ ತಲೆಯೂ ಸೇರುತ್ತದೆ. (ಇಲ್ಲೇ ಒಂದು ಗುಟ್ಟಿದೆ. ವರನ ಹಿಂದಿನ ಮದುವೆ, ಮಕ್ಕಳ ಸಂಗತಿ ಬೀಗರ ಮುಂದೆ ಮುಚ್ಚಿಟ್ಟರೂ ಈ ಅರ್ಜಿಯಲ್ಲಿ ಮನೆಯ ತಲೆಗಳ ಲೆಕ್ಕ ಬರೆಯಲೇಬೇಕು. ಓದಿದವರಿಗೆ ಕಾಣುತ್ತದೆ.)

ವರಮಾನ ತೋರಿಸುವ ಕಾಗದವೂ ಅಲ್ಲಿನದೇ. ಅಲ್ಲಿನ ತೆರಿಗೆ ಇಲಾಖೆಗೆ ಕಟ್ಟಿದ ಇತ್ತೀಚಿನ ವರ್ಷದ ರಿಟರ್ನ್, ಸಂಬಳದ ಚೀಟಿ, ಕಂಪನಿಯ ಪತ್ರ. ವರಮಾನ ಕಡಿಮೆ ಬಿದ್ದರೆ ಆಸ್ತಿ ತೋರಿಸಬಹುದು. ಗಂಡ ಅಮೆರಿಕದ ಪ್ರಜೆಯಾಗಿದ್ದರೆ ಕೊರತೆಯ ಮೂರು ಪಟ್ಟು, ಬರೀ ಗ್ರೀನ್ ಕಾರ್ಡ್ ಇದ್ದವನಾದರೆ ಐದು ಪಟ್ಟು. 6,000 ಡಾಲರ್ ಕಡಿಮೆ ಬಿದ್ದರೆ ಒಬ್ಬ 18,000, ಇನ್ನೊಬ್ಬ 30,000 ಡಾಲರಿನ ಆಸ್ತಿ ತೋರಿಸಬೇಕು. ಅದೂ ಒಂದು ವರ್ಷದೊಳಗೆ ದುಡ್ಡಾಗುವಂಥದ್ದಾಗಿರಬೇಕು. ಅದೂ ಆಗದಿದ್ದರೆ ಅಲ್ಲೇ ನೆಲೆಸಿರುವ ಪ್ರಜೆಯೋ ಗ್ರೀನ್ ಕಾರ್ಡಿನವರೋ ಜೊತೆ ಸ್ಪಾನ್ಸರ್ ಆಗಬಹುದು. ಬಂಧುವೇ ಆಗಬೇಕೆಂದಿಲ್ಲ.

ಹೀಗಿರುವಾಗ ಹುಡುಗಿಯ ತಂದೆ ಪಹಣಿ ತೆಗೆಸಿಕೊಂಡು, ತಹಶೀಲ್ದಾರ್ ಕಚೇರಿಗೆ ಸಾಲ್ವೆನ್ಸಿ ಸರ್ಟಿಫಿಕೇಟಿಗೆ ಅಲೆದು, ಆಡಿಟರ್ ಕಡೆಯಿಂದ ಆಸ್ತಿಯ ಬೆಲೆ ಕಟ್ಟಿಸಿ, ಮೇಲೆ ಬಾಂಡ್ ಪೇಪರಿನಲ್ಲಿ ನೋಟರಿ ಮಾಡಿಸುವುದು ಯಾತಕ್ಕೆ? ಓದಲು ಹೋಗುವ ಮಕ್ಕಳ ವೀಸಾಕ್ಕೆ ಇಂಥ ಕಾಗದ ಕೇಳುವುದುಂಟು. ಆ ರೂಢಿಯನ್ನೇ ಹೆಂಡತಿಯ ವೀಸಾಕ್ಕೂ ಎಳೆದು ತಂದು ದುಡ್ಡು ಕೀಳುವವರಿದ್ದಾರೆ. ಅಕ್ಕಿಆಲೂರಿನ ಮಾವ ಅಮೆರಿಕದ ಐ-864ಕ್ಕೆ ಸ್ಪಾನ್ಸರ್ ಆಗಲು ಬರುವುದೇ ಇಲ್ಲ. ಸ್ಪಾನ್ಸರ್ ಆಗುವವರು ಅಮೆರಿಕದ ಪ್ರಜೆಯೋ ಕಾಯಂ ನಿವಾಸಿಯೋ ಆಗಿರಬೇಕು, ಅವರ ವಾಸವೂ ಅಲ್ಲೇ ಇರಬೇಕು. ಹುಡುಗಿಯ ಸ್ವಂತ ಹೆಸರಿನ ಆಸ್ತಿ ತೋರಿಸಲು ಅವಕಾಶವಿದೆ ನಿಜ, ಆದರೆ ಅದು ಗಂಡನ ವರಮಾನ ಕಡಿಮೆ ಬಿದ್ದಾಗಿನ ಮಾತು. ಇಲ್ಲಿ ಅವಳು ಮಾಡುತ್ತಿರುವ ನೌಕರಿಯ ಸಂಬಳವೂ ಲೆಕ್ಕಕ್ಕಿಲ್ಲ, ಅಲ್ಲಿ ಹೋದ ಮೇಲೂ ಅದೇ ಕಂಪನಿಯಿಂದ ಅದೇ ಸಂಬಳ ಮುಂದುವರಿದರೆ ಮಾತ್ರ ಬೇರೆ. ಇನ್ನು ಅರ್ಜಿ ನಮೂನೆಗೆ ಬೆಲೆಯೇ ಇಲ್ಲ, ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ನೋಟರಿ ಬೇಕಿಲ್ಲ, ಬಾಂಡ್ ಪೇಪರ್ ಬೇಕಿಲ್ಲ. ಸುಳ್ಳು ಬರೆದರೆ ಶಿಕ್ಷೆ ಎಂಬ ಮಾತಿನ ಕೆಳಗೆ ಸಹಿ ಹಾಕಿದರೆ ಮುಗಿಯಿತು.

ಶುಲ್ಕದ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. 2024ರ ಏಪ್ರಿಲ್‌ನಲ್ಲಿ ಬದಲಾದ ದರದ ಪ್ರಕಾರ ಗಂಡ ಸಲ್ಲಿಸುವ ಐ-130 ಅರ್ಜಿಗೆ ಆನ್‌ಲೈನಿನಲ್ಲಿ 625 ಡಾಲರ್, ಗ್ರೀನ್ ಕಾರ್ಡ್ ಶುಲ್ಕ 235. ನಡುವೆ ವೀಸಾ ಶುಲ್ಕ 325, ಈ ಹಣಕಾಸು ಪತ್ರದ ಪರಿಶೀಲನೆಗೆ 120. ಕೂಡಿದರೆ 1,305 ಡಾಲರ್. ವೈದ್ಯಕೀಯ ತಪಾಸಣೆ, ಓಡಾಟದ ಖರ್ಚು ಬೇರೆ. ಇದಕ್ಕಿಂತ ಹೆಚ್ಚು "ಸರ್ಕಾರಿ ಶುಲ್ಕ" ಎಂದು ಯಾರಾದರೂ ಕೇಳಿದರೆ ರಸೀದಿ ಕೇಳಿ.

ಈಗ ಮುಖ್ಯವಾದ ಮಾತು. ನಮ್ಮ ಕಡೆಯಿಂದ ಹೋದ ಹುಡುಗರಲ್ಲಿ ಬಹಳಷ್ಟು ಮಂದಿ ಇರುವುದು ಎಚ್-1ಬಿ ನೌಕರಿ ವೀಸಾದ ಮೇಲೆ. ಅವರ ಹೆಂಡತಿ ಹೋಗುವುದು ಎಚ್-4 ವೀಸಾದ ಮೇಲೆ. ಅದು ಕಾಯಂ ನೆಲೆಸುವ ವೀಸಾ ಅಲ್ಲ, ಅದಕ್ಕೆ ಐ-864 ಬೇಕಿಲ್ಲ, ಆದ್ದರಿಂದ ಮುಂದೆ ಹೇಳುವ ಹಕ್ಕೂ ಇಲ್ಲ. ಗಂಡನಿಗೆ ಕಂಪನಿಯ ಮೂಲಕ ಗ್ರೀನ್ ಕಾರ್ಡ್ ಸಿಕ್ಕು ಅದರ ಜೊತೆಗೇ ಹೆಂಡತಿಗೂ ಸಿಕ್ಕರೆ ಆಗಲೂ ಸಾಮಾನ್ಯವಾಗಿ ಈ ಪತ್ರ ಇರುವುದಿಲ್ಲ. ಪ್ರಜೆಯೋ ಗ್ರೀನ್ ಕಾರ್ಡಿನವನೋ ಆದ ಗಂಡ, ಹೆಂಡತಿಗಾಗಿ ಐ-130 ಹಾಕಿ ಕರೆಸಿಕೊಂಡಾಗ ಮಾತ್ರ ಐ-864 ಬರುತ್ತದೆ. ಮದುವೆಗೆ ಮುಂಚೆ, ಮದುವಣಗಿತ್ತಿ ಎಂದು ಕರೆಸಿಕೊಳ್ಳುವ ವೀಸಾಕ್ಕೆ ಮುಂಬೈಯಲ್ಲಿ ಕೊಡುವುದು ಐ-134 ಎಂಬ ಬೇರೆಯೇ ಪತ್ರ. ಹೆಸರು ಹತ್ತಿರ, ಬಲ ಬಹಳ ದೂರ. ಅದನ್ನು ಹಿಡಿದು ಕೋರ್ಟಿನಲ್ಲಿ ಜೀವನಾಂಶ ಕೇಳಲಾಗದು. "ವೀಸಾ ಆಗೈತಿ" ಅಂದರೆ ಸಾಲದು, ಯಾವ ವೀಸಾ ಎಂದು ಕೇಳಬೇಕು. "ಹೊಲ ಐತಿ" ಅಂದವನಿಗೆ ನೀರಾವರಿಯೋ ಒಣಬೇಸಾಯವೋ ಎಂದು ಕೇಳುವ ನಮಗೆ ಇದು ಕಷ್ಟದ ಪ್ರಶ್ನೆಯೇನಲ್ಲ.

ಪತ್ರದ ಬಲ ಎಷ್ಟು? ಹೆಂಡತಿಯ ಜೀವನ ಬಡತನ ರೇಖೆಯ ಶೇ. 125ಕ್ಕಿಂತ ಕೆಳಗೆ ಬೀಳದಂತೆ ನೋಡಿಕೊಳ್ಳುವುದು ಗಂಡನ ಹೊಣೆ. 2025ರ ಪಟ್ಟಿಯಲ್ಲಿ ಒಬ್ಬರಿಗೆ ವರ್ಷಕ್ಕೆ ಸುಮಾರು 19,562 ಡಾಲರ್. ಅವಳು ಅಲ್ಲಿನ ಪ್ರಜೆಯಾದರೆ ಹೊಣೆ ಮುಗಿಯುತ್ತದೆ. 40 ತ್ರೈಮಾಸಿಕ, ಅಂದರೆ ಸುಮಾರು 10 ವರ್ಷದ ದುಡಿಮೆ ಅವಳ ಖಾತೆಗೆ ಬಿದ್ದರೆ ಮುಗಿಯುತ್ತದೆ. ಮದುವೆ ಇದ್ದಾಗ ಗಂಡ ದುಡಿದ ಅವಧಿಯೂ ಅದಕ್ಕೆ ಸೇರಬಹುದು. ಕಾಯಂ ನಿವಾಸ ಬಿಟ್ಟುಕೊಟ್ಟು ದೇಶ ಬಿಟ್ಟರೆ, ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಮುಗಿಯುತ್ತದೆ. ವಿಚ್ಛೇದನದಿಂದ ಮುಗಿಯುವುದಿಲ್ಲ. ಈ ಸಾಲನ್ನು ಇನ್ನೊಮ್ಮೆ ಓದಿ.

2012ರಲ್ಲಿ ಅಮೆರಿಕದ ಏಳನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯದ ಮುಂದೆ ಲಿಯು ಎಂಬ ಚೀನೀ ಹೆಣ್ಣುಮಗಳ ಪ್ರಕರಣ ಬಂತು. ವಿಚ್ಛೇದಿತ ಗಂಡ ಮುಂಡ್, "ಆಕೆ ಕೆಲಸ ಹುಡುಕಿಕೊಳ್ಳಬೇಕಿತ್ತು, ಹುಡುಕಿಲ್ಲ, ನಾನ್ಯಾಕೆ ಕೊಡಲಿ" ಎಂದು ವಾದಿಸಿದ. ಈ ಪತ್ರದ ಪ್ರಕಾರ ದುಡ್ಡು ಪಡೆಯಲು ಆಕೆ ಕೆಲಸ ಹುಡುಕಿದ್ದನ್ನು ತೋರಿಸಬೇಕಿಲ್ಲ ಎಂದು ನ್ಯಾಯಮೂರ್ತಿ ರಿಚರ್ಡ್ ಪೋಸ್ನರ್ ಬರೆದರು. 2016ರಲ್ಲಿ ಒಂಬತ್ತನೇ ಸರ್ಕ್ಯೂಟ್ ನ್ಯಾಯಾಲಯ ಎರ್ಲರ್ ದಂಪತಿಯ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಇಟ್ಟಿತು. "ಜೀವನಾಂಶ ಕೇಳುವುದಿಲ್ಲ" ಎಂದು ಹೆಂಡತಿ ಮದುವೆಗೆ ಮುಂಚೆ ಬರೆದುಕೊಟ್ಟಿದ್ದರೂ ಈ ಪತ್ರದ ಹೊಣೆ ತಪ್ಪದು ಎಂದಿತು. ಇವನ್ನು ಗೆಲ್ಲಲು ವಕೀಲರು ಬೇಕು, ಧೈರ್ಯ ಬೇಕು, ಅಲ್ಲೇ ನಿಲ್ಲುವ ನೆಲೆ ಬೇಕು. ಸುಲಭ ಎಂದು ನಾನು ಹೇಳುವುದಿಲ್ಲ. ಆದರೆ ಹಕ್ಕು ಇದೆ ಎಂದೇ ಗೊತ್ತಿಲ್ಲದವಳು ವಕೀಲರ ಮನೆ ಮೆಟ್ಟಿಲು ಹತ್ತುವುದಾದರೂ ಹೇಗೆ?

ಗೊತ್ತಿಲ್ಲದ್ದರಿಂದಲೇ ಆ ಪತ್ರ ಬೆದರಿಕೆಯ ಮಾತಾಗುತ್ತದೆ. "ನಾನು ಸ್ಪಾನ್ಸರ್ ಮಾಡೀನಿ ಅಂತ ಇಲ್ಲಿ ನಿಂತೀದಿ, ವಾಪಸ್ ತಗೊಂಡ್ರ ನಾಳೆ ಊರಿಗೆ ಹೋಗ್ತಿ" ಎಂಬ ಮಾತು ಪತ್ರದಲ್ಲಿ ಬರೆದುಕೊಟ್ಟದ್ದಕ್ಕೆ ಪೂರ್ತಿ ಉಲ್ಟಾ. ವೀಸಾ ಸಿಗುವ ಮುಂಚೆ ಗಂಡ ಪತ್ರ ಹಿಂತೆಗೆದುಕೊಳ್ಳಬಹುದು. ಅವಳು ಕಾಯಂ ನಿವಾಸಿಯಾಗಿ ಒಳಗೆ ಹೋದ ಮೇಲೆ ಆಗದು. ಆಗ ಕಟ್ಟುಬಿದ್ದವನು ಅವನು.

ಅವನ ಕೈಯಲ್ಲಿ ಉಳಿಯುವ ನಿಜವಾದ ಹತ್ಯಾರ ಬೇರೆ, ಅದನ್ನೂ ತಿಳಿದಿರಬೇಕು. ಮದುವೆಯಾಗಿ ಎರಡು ವರ್ಷ ತುಂಬುವ ಮುಂಚೆ ಒಳಗೆ ಹೋದವಳಿಗೆ ಸಿಗುವುದು ಎರಡೇ ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಅದರ ಅವಧಿ ಮುಗಿಯುವ ಹಿಂದಿನ 90 ದಿನದೊಳಗೆ ಗಂಡ ಹೆಂಡತಿ ಕೂಡಿ ಐ-751 ಅರ್ಜಿ ಹಾಕಬೇಕು. "ಸಹಿ ಹಾಕೋದಿಲ್ಲ" ಎಂದು ಹೆದರಿಸುವುದು ಇಲ್ಲಿ. ಆದರೆ ಒಳ್ಳೆಯ ಮನಸ್ಸಿನಿಂದ ಆದ ಮದುವೆ ಮುರಿದುಬಿದ್ದಿದ್ದರೆ, ಅಥವಾ ಹೊಡೆತ ಬಡಿತ, ಕ್ರೌರ್ಯ ನಡೆದಿದ್ದರೆ ಗಂಡನ ಸಹಿ ಇಲ್ಲದೆ ಅವಳೊಬ್ಬಳೇ ಅರ್ಜಿ ಹಾಕಲು ಕಾನೂನಿನಲ್ಲಿ ದಾರಿ ಇದೆ. ಕೂಡಿ ಬಾಳಿದ್ದಕ್ಕೆ ಸಾಕ್ಷಿ ಬೇಕಾಗುತ್ತದೆ. ಬಾಡಿಗೆ ಪತ್ರ, ಬ್ಯಾಂಕ್ ಖಾತೆ, ಕರೆಂಟ್ ಬಿಲ್ಲುಗಳಲ್ಲಿ ಅವಳ ಹೆಸರೂ ಇರಲಿ. "ಎಲ್ಲಾದರಾಗೂ ನಿನ್ ಹೆಸರು ಯಾಕ್ ಬೇಕು" ಎನ್ನುವ ಗಂಡಂದಿರಿಗೆ ಉತ್ತರ ಇದೇ.

ಇನ್ನೊಂದು ತವರಿನವರಿಗೇ ಹೇಳಬೇಕು. ಮಗಳು ಅಳುತ್ತ ಫೋನ್ ಮಾಡಿದರೆ ನಾವು ಮೊದಲು ಹೇಳುವ ಮಾತು "ಬಾರವ್ವಾ ಊರಿಗೆ, ನಾವ್ ಅದೀವಿ." ಕರುಳಿನ ಮಾತು, ತಪ್ಪೆನ್ನಲಾರೆ. ಜೀವಕ್ಕೆ ಅಪಾಯವಿದ್ದರೆ ಮೊದಲು ಅಲ್ಲಿಂದ ಹೊರಬೀಳಲಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಂದವಳು ಇಲ್ಲೇ ವರ್ಷಗಟ್ಟಲೆ ಉಳಿದರೆ ಗ್ರೀನ್ ಕಾರ್ಡಿಗೆ ಕುತ್ತು. ಐ-407 ಎಂಬ ನಮೂನೆಗೆ ಸಹಿ ಹಾಕಿದರೆ ಕಾಯಂ ನಿವಾಸವನ್ನು ತಾನೇ ಬಿಟ್ಟುಕೊಟ್ಟಂತೆ, ಅದರ ಜೊತೆ ಗಂಡನ ಹೊಣೆಯೂ ಮುಗಿದಂತೆ. ಹಬ್ಬಕ್ಕೆಂದು ಕರೆತಂದು ತವರಿನಲ್ಲಿ ಬಿಟ್ಟು ಪಾಸ್‌ಪೋರ್ಟ್ ಸಮೇತ ಹಿಂದಿರುಗುವ ಗಂಡಂದಿರ ಸುದ್ದಿ ದೇಶದಲ್ಲೆಲ್ಲ ಇದೆ. ಹೆಂಡತಿಯನ್ನು ಆ ದೇಶದಿಂದ ಹೊರಗೆ ಇಡುವುದು ಅವನಿಗೆ ಎಷ್ಟು ಲಾಭ ಎಂದು ಈಗ ತಿಳಿಯಿತಲ್ಲ. ಊರ ಪಂಚರು ಕೂತು ಇಷ್ಟು ಲಕ್ಷಕ್ಕೆ ಬಗೆಹರಿಸಿದೆವು ಎಂದು ಎದೆ ತಟ್ಟಿಕೊಳ್ಳುವ ಮುಂಚೆ, ಅವಳು ಬಿಟ್ಟುಕೊಡುತ್ತಿರುವುದು ಏನು ಎಂದು ಒಬ್ಬ ತಿಳಿದ ವಕೀಲರನ್ನು ಕೇಳಲಿ.

"ಮದುವೆಗೆ ಮೊದಲೇ ಡೈವೋರ್ಸ್ ಮಾತು ತೆಗೀತೀರೇನು, ಅಪಶಕುನ" ಎನ್ನುವವರಿದ್ದಾರೆ. ಎಲ್‌ಐಸಿ ಪಾಲಿಸಿ ಮಾಡಿಸುವಾಗ ನಾಮಿನಿ ಹೆಸರು ಬರೆಸುತ್ತೀರಿ, ಅದು ಸಾವನ್ನು ಕರೆದಂತೆ ಆಯಿತೇ? ಬೆಳೆ ವಿಮೆ ಕಟ್ಟಿದವನು ಬೆಳೆ ಹಾಳಾಗಲಿ ಎಂದು ಹರಕೆ ಹೊತ್ತವನೇ? ಬಂಗಾರವನ್ನು ತೂಕ ಮಾಡಿ ಕೊಡುವ ಮನೆಯಲ್ಲಿ ಕಾಗದ ಓದುವುದು ಮಾತ್ರ ಹೇಗೆ ಅಪಶಕುನವಾಗುತ್ತದೋ ನನಗೆ ತಿಳಿಯದು.

ನಮ್ಮ ಕಡೆಯ ಕಾಗದಗಳೂ ಹುಡುಗಿಗೆ ಕಾಟ ಕೊಡುತ್ತವೆ, ಅದನ್ನು ಮರೆಯುವಂತಿಲ್ಲ. 1997ಕ್ಕಿಂತ ಮುಂಚೆ ಹುಟ್ಟಿದವರ ಜನನ ದಾಖಲೆಯಲ್ಲಿ ಧಾರವಾಡ ಜಿಲ್ಲೆ, ಪಾಸ್‌ಪೋರ್ಟಿನಲ್ಲಿ ಹಾವೇರಿ. ಶಾಲೆಯಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಒಂದು ಕ್ರಮದಲ್ಲಿ, ಆಧಾರಿನಲ್ಲಿ ಇನ್ನೊಂದು ಕ್ರಮದಲ್ಲಿ, ಮದುವೆಯಾದ ಮೇಲೆ ಗಂಡನ ಅಡ್ಡಹೆಸರು ಬೇರೆ. ವೀಸಾಕ್ಕಾಗಿ ಹೆಸರು ಬದಲಿಸಲೇಬೇಕು ಎಂಬ ನಿಯಮ ಎಲ್ಲೂ ಇಲ್ಲ. ಹುಟ್ಟಿದ ಹೆಸರಲ್ಲೇ ಹೋಗಬಹುದು, ಕಾಗದಗಳ ತಂಟೆ ಅರ್ಧ ಕಡಿಮೆಯಾಗುತ್ತದೆ. ಮದುವೆಯನ್ನು ಹಾನಗಲ್ಲ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿ. ಲಗ್ನಪತ್ರಿಕೆ, ಮಂಟಪದ ಫೋಟೋ ಸಾಕ್ಷಿಗೆ ಒದಗುತ್ತವೆ, ನೋಂದಣಿ ಪತ್ರದ ಜಾಗಕ್ಕೆ ಬರುವುದಿಲ್ಲ. ಎಲ್ಲ ಧರ್ಮದವರ ಮದುವೆಯ ನೋಂದಣಿಯೂ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಅನಿವಾಸಿಗಳ ಮದುವೆಯನ್ನು 30 ದಿನದೊಳಗೆ ನೋಂದಾಯಿಸಬೇಕೆಂಬ ಮಸೂದೆಯನ್ನು 2019ರ ಫೆಬ್ರುವರಿಯಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದರು. 2024ರ ಫೆಬ್ರುವರಿಯಲ್ಲಿ ಕಾನೂನು ಆಯೋಗ ತನ್ನ 287ನೇ ವರದಿಯಲ್ಲಿ ಇದನ್ನೇ ಬಿಗಿಯಾಗಿ ಮಾಡಿ ಎಂದಿತು. ಮಸೂದೆ ಎದ್ದು ಬಂದರೆ ನೋಡೋಣ, ಅಲ್ಲಿಯವರೆಗೆ ನಮ್ಮ ಹುಡುಗಿಯರು ಕಾಯಬೇಕಿಲ್ಲ.

ಎಲ್ಲ ದೇಶವೂ ಅಮೆರಿಕದಂತೆ ಅಳೆಯುವುದಿಲ್ಲ. ಬ್ರಿಟನ್ ಇನ್ನೂ ಕಠಿಣ. ಅಲ್ಲಿರುವ ಸಂಗಾತಿಯ ವರಮಾನ ವರ್ಷಕ್ಕೆ 18,600 ಪೌಂಡ್ ಇರಬೇಕೆಂದು 2012ರಲ್ಲಿ ಮಾಡಿದ್ದ ನಿಯಮವನ್ನು 2024ರ ಏಪ್ರಿಲ್ 11ರಿಂದ 29,000ಕ್ಕೆ ಏರಿಸಿತು. ನಮ್ಮೂರಿಂದ ಅರ್ಜಿ ಹಾಕುವವಳು ಇಲ್ಲಿ ಎಷ್ಟು ದುಡಿದರೂ ಆ ಸಂಬಳ ಲೆಕ್ಕಕ್ಕಿಲ್ಲ. ಕೆನಡಾ ಗಂಡ ಹೆಂಡತಿಯ ವಿಷಯದಲ್ಲಿ ಸಾಮಾನ್ಯವಾಗಿ ಇಂತಿಷ್ಟೇ ವರಮಾನ ಬೇಕೆಂದು ಕೇಳುವುದಿಲ್ಲ, ಮೂರು ವರ್ಷದ ಹೊಣೆ ಬರೆಸಿಕೊಳ್ಳುತ್ತದೆ. ಬಡವನ ಮದುವೆಗೂ ಮರ್ಯಾದೆ ಕೊಡುವ ಪದ್ಧತಿ ಕೆನಡಾದ್ದು ಎಂದು ನನ್ನ ಅಭಿಪ್ರಾಯ. ಸಂಬಳದ ಚೀಟಿ ನೋಡಿ ಗಂಡ ಹೆಂಡತಿ ಕೂಡಿ ಬಾಳಬಹುದೋ ಇಲ್ಲವೋ ಎಂದು ತೀರ್ಮಾನಿಸುವುದು ಅನ್ಯಾಯವೇ. ಆದರೂ ಅಮೆರಿಕ ತನ್ನ ಖಜಾನೆ ಉಳಿಸಿಕೊಳ್ಳಲು ಬರೆಸಿದ ಪತ್ರ ಅಲ್ಲಿಗೆ ಹೋದ ಹೆಣ್ಣಿಗೂ ಆಸರೆಯಾಗಿದೆ, ಅದನ್ನು ಬಿಡಬಾರದು.

ಜೊತೆ ಸ್ಪಾನ್ಸರ್ ಆಗಿ ಎಂದು ಕೇಳಿಸಿಕೊಳ್ಳುವ ನಮ್ಮವರಿಗೂ ಒಂದು ಮಾತು. "ಬರೀ ಒಂದು ಸಹಿ ಅಣ್ಣಾರ, ಫಾರ್ಮಾಲಿಟಿ" ಎನ್ನುತ್ತಾರೆ. ಸೊಸೈಟಿ ಸಾಲಕ್ಕೆ ಜಾಮೀನು ನಿಂತು ನೋಟಿಸು ತಿಂದವರು ನಮ್ಮೂರಲ್ಲಿ ಕಡಿಮೆ ಇಲ್ಲ, ಇದೂ ಅದೇ ಜಾತಿಯದು. ಗಂಡ ಕೊಡದಿದ್ದರೆ ಆ ಹೆಣ್ಣುಮಗಳು ನಿಮ್ಮನ್ನೂ ಕೋರ್ಟಿಗೆ ಕರೆಯಬಹುದು. ಸಹಿ ಹಾಕುವುದಾದರೆ ಓದಿ ಹಾಕಿ, ಹಾಕಿದ ಮೇಲೆ ಒಂದು ಪ್ರತಿಯನ್ನು ಹುಡುಗಿಯ ಕೈಗೇ ಕೊಡಿ.

ಆ ನಮೂನೆ ಕನ್ನಡದಲ್ಲಿ ಇಲ್ಲ, ಇಂಗ್ಲಿಷಿನಲ್ಲಿದೆ. ಡಿಗ್ರಿ ಓದಿದ ತಂಗಿಯೋ ತಮ್ಮನೋ ಮನೆಯಲ್ಲಿದ್ದರೆ ಕೂತು ಓದಿಸಿ. ಎಲ್ಲವೂ ಬೇಡ, ಸ್ಪಾನ್ಸರ್ ಮಾಡಿಕೊಂಡ ಒಪ್ಪಂದ ಎಂಬ ಭಾಗ ಮೊದಲು. ವೀಸಾ ಕೇಂದ್ರದಿಂದ ಬರುವ ಪತ್ರದಲ್ಲಿ ಕೇಸ್ ಸಂಖ್ಯೆ, ಇನ್‌ವಾಯ್ಸ್ ಸಂಖ್ಯೆ ಎಂದು ಎರಡು ಇರುತ್ತವೆ, ಆ ಎರಡನ್ನೂ ಹುಡುಗಿ ತನ್ನಲ್ಲಿ ಬರೆದಿಟ್ಟುಕೊಳ್ಳಲಿ. ಸಂದರ್ಶನ ಸಾಮಾನ್ಯವಾಗಿ ಮುಂಬೈಯಲ್ಲಿ. ಅಲ್ಲಿಗೆ ಹೋಗುವವಳು ಅವಳೇ, ಗಂಡ ಇರುವುದು ಸಾಗರದಾಚೆ, ಫೈಲು ಇರುವುದು ಅವಳ ಮಡಿಲಲ್ಲಿ. ಹುಬ್ಬಳ್ಳಿಯಿಂದ ರಾತ್ರಿಯಿಡೀ ಪ್ರಯಾಣ, ಓದಲು ಹೊತ್ತು ಬೇಕಾದಷ್ಟಿದೆ. ಒಂದೊಂದು ಪುಟದ ಫೋಟೋ ತೆಗೆದು ಅಕ್ಕನಿಗೆ ಒಂದು, ಅಣ್ಣನಿಗೆ ಒಂದು ಸಲ ವಾಟ್ಸಾಪ್ ಮಾಡಿ, ತನ್ನ ಇ-ಮೇಲಿಗೂ ಕಳಿಸಿಕೊಳ್ಳಲಿ. ಪಾಸ್‌ವರ್ಡ್ ಗಂಡನಿಗೆ ಗೊತ್ತಿಲ್ಲದ ಇ-ಮೇಲ್ ಆಗಿರಲಿ.